ಆನ್‌ಲೈನ್ ಅಂಗಡಿಗೆ ಹೋಲ್‌ಸೇಲ್ ಮಾಲು ತರುವುದು ಹೇಗೆ? ದಾವಣಗೆರೆಯಲ್ಲಿ ಕೂತು ಶುರು ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಆನ್‌ಲೈನ್ ಮಾರಾಟ ಶುರು ಮಾಡಿದ ಎಷ್ಟೋ ಜನರ ಮನೆಯಲ್ಲಿ ಮಂಚದ ಕೆಳಗೆ ಒಂದೆರಡು ಬಂಡಲ್ ಮಾಲು ಹಾಗೇ ಬಿದ್ದಿರುತ್ತದೆ. ಮಾಲು ಕೆಟ್ಟದ್ದೇನಲ್ಲ. ತಂದ ರೇಟೂ ಕಡಿಮೆಯೇ. ಆದರೂ ಹೋಗುವುದಿಲ್ಲ, ಹೋದರೂ ಕೈಯಲ್ಲಿ ದುಡ್ಡು ಉಳಿಯುವುದಿಲ್ಲ. ಕೇಳುತ್ತಾ ಹೋದರೆ ಬಹುತೇಕ ಎಲ್ಲರದ್ದೂ ಒಂದೇ ಕಥೆ: ಮೊದಲು ಮಾಲು ಕೊಂಡರು, ಆಮೇಲೆ ಲೆಕ್ಕ ಹಾಕಿದರು.

ಇಲ್ಲಿ ಆ ಕ್ರಮ ಉಲ್ಟಾ. ಲೆಕ್ಕ ಮೊದಲು, ವ್ಯಾಪಾರಿ ಆಮೇಲೆ, ರೇಟಿನ ಮಾತು ಎಲ್ಲಕ್ಕಿಂತ ಕೊನೆಗೆ. ಉದಾಹರಣೆಗಳು ಹೆಚ್ಚಾಗಿ ಬಟ್ಟೆಯವು. ನಮ್ಮ ಕಡೆ ಹೊಸದಾಗಿ ಶುರು ಮಾಡುವವರು ಜಾಸ್ತಿ ಹಿಡಿಯುವುದು ಅದನ್ನೇ ಅಲ್ವಾ.

## ಮೊದಲೇ ಕೈಯಲ್ಲಿ ಇರಬೇಕಾದ್ದು

ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ, ಟೈಲರ್ ಟೇಪು, ವಿಡಿಯೋ ಚೆನ್ನಾಗಿ ಬರುವ ಫೋನು, ಒಂದು ನೋಟ್‌ಬುಕ್ಕು ಅಥವಾ ಎಕ್ಸೆಲ್ ಹಾಳೆ. ಜೊತೆಗೆ ವ್ಯಾಪಾರಕ್ಕೆಂದೇ ಬೇರೆ ಬ್ಯಾಂಕ್ ಖಾತೆ. ಹಾಲಿನವರಿಗೆ ದುಡ್ಡು ಹಾಕುವ ಖಾತೆಯಿಂದಲೇ ಮಾಲಿಗೂ ಹಾಕಿದರೆ ತಿಂಗಳ ಕೊನೆಗೆ ಯಾವ ಲೆಕ್ಕವೂ ಸಿಗುವುದಿಲ್ಲ.

ಬಂಡವಾಳವನ್ನು ಮೂರು ಪಾಲು ಮಾಡಿ. ಒಂದು ಪಾಲು ಮೊದಲ ಮಾಲಿಗೆ. ಇನ್ನೊಂದು, ಓಡಿದ ಐಟಂ ಮತ್ತೆ ತರಿಸುವುದಕ್ಕೆ. ಮೂರನೆಯದು ರಿಟರ್ನ್, ಪ್ಯಾಕಿಂಗ್, ಸಾಗಾಟಕ್ಕೆ. ಮಾರಿದ ದುಡ್ಡು ವೇದಿಕೆಯಿಂದ (ಅಮೆಜಾನ್, ಮೀಶೋ ಥರದ ಮಾರಾಟ ತಾಣ) ನಿಮ್ಮ ಖಾತೆಗೆ ಬರಲು ದಿನಗಳು ಹಿಡಿಯುತ್ತವೆ, ಅಷ್ಟರೊಳಗೆ ಓಡುವ ಮಾಲು ಖಾಲಿಯಾಗಿರುತ್ತದೆ. 60 ಸಾವಿರ ಇದೆ ಅಂತ 60 ಸಾವಿರದ ಮಾಲು ತಂದವರು ಅಲ್ಲೇ ನಿಂತುಬಿಡುತ್ತಾರೆ.

## ಹಂತ 1: ಜಿಎಸ್‌ಟಿ ವಿಷಯ ಬಗೆಹರಿಸಿಕೊಳ್ಳಿ

ಬರೀ ಸರಕು ಮಾರುವವರಿಗೆ ಕರ್ನಾಟಕದಲ್ಲಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನ ತನಕ ನೋಂದಣಿ ಬೇಡ ಎನ್ನುವ ಮಾತನ್ನು ಎಲ್ಲರೂ ಹೇಳುತ್ತಾರೆ. ಊರಲ್ಲಿ ಅಂಗಡಿ ಇಟ್ಟವರಿಗೆ ಅದು ಸರಿ. ನೀವು ಬೇರೆ ರಾಜ್ಯಕ್ಕೆ ಮಾರುವವರಾದರೆ ಮೊದಲ ಪಾರ್ಸಲ್‌ನಿಂದಲೇ ನೋಂದಣಿ ಬೇಕು. ಇನ್‌ಸ್ಟಾಗ್ರಾಂನಲ್ಲಿ ಆರ್ಡರ್ ಹಿಡಿದು ಹೈದರಾಬಾದಿಗೆ ಕುರ್ತಿ ಕಳಿಸಿದರೂ ಅಷ್ಟೇ.

ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೋ ಥರದ ವೇದಿಕೆಯಲ್ಲಿ ಮಾರುವವರಿಗೆ ಮುಂಚೆ ವಿನಾಯಿತಿಯೇ ಇರಲಿಲ್ಲ. 2023ರ ಅಕ್ಟೋಬರ್ 1ರಿಂದ ಒಂದು ಸಡಿಲಿಕೆ ಇದೆ. ವಹಿವಾಟು ಮಿತಿಯೊಳಗಿದ್ದು, ರಾಜ್ಯದೊಳಗೆ ಮಾತ್ರ ಮಾರುವುದಾದರೆ, ಜಿಎಸ್‌ಟಿ ಪೋರ್ಟಲ್‌ನಲ್ಲಿ ಎನ್‌ರೋಲ್‌ಮೆಂಟ್ ನಂಬರ್ ಪಡೆದು ಮಾರಬಹುದು. ಆದರೆ ಆಗ ಮಾಲು ಕೊಳ್ಳುವಾಗ ಕಟ್ಟಿದ ತೆರಿಗೆ ವಾಪಸ್ ಸಿಗುವುದಿಲ್ಲ, ಅದನ್ನೂ ಅಸಲಿಗೇ ಸೇರಿಸಿಕೊಳ್ಳಬೇಕು. ನನ್ನ ಅಭಿಪ್ರಾಯ ಕೇಳಿದರೆ, ಎರಡು ಮೂರು ತಿಂಗಳು ಪರೀಕ್ಷೆ ಮಾಡಿ ನೋಡುವವರಿಗೆ ಎನ್‌ರೋಲ್‌ಮೆಂಟ್ ಸಾಕು. ವ್ಯಾಪಾರ ಬೆಳೆಸುವ ಮನಸ್ಸಿದ್ದರೆ ಮೊದಲೇ ಪೂರ್ತಿ ನೋಂದಣಿ ಮಾಡಿಸಿ.

‘ಬಿಲ್ ಬೇಡ ಅಂದ್ರೆ ಇನ್ನೂ ಕಡಿಮೆ ಮಾಡಿಕೊಡ್ತೀವಿ’ ಎನ್ನುವ ಮಾತು ಮಾರುಕಟ್ಟೆಯಲ್ಲಿ ಕೇಳಿಯೇ ಕೇಳುತ್ತೀರಿ. ಬಿಲ್ ಇಲ್ಲದ ಮಾಲನ್ನು ವೇದಿಕೆಯಲ್ಲಿ ಮಾರಿದರೆ ಕೊಂಡದ್ದಕ್ಕೆ ಪುರಾವೆ ಇಲ್ಲ, ಮಾರಿದ್ದಕ್ಕೆ ಮಾತ್ರ ಪೈಸೆ ಪೈಸೆ ದಾಖಲೆ ಇರುತ್ತದೆ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದದ್ದು ನೆನಪಿರಬೇಕು.

## ಹಂತ 2: ಒಂದೇ ಐಟಂ ಹಿಡಿಯಿರಿ

ಸೀರೆ, ನೈಟಿ, ಮಕ್ಕಳ ಬಟ್ಟೆ, ಬಳೆ ಎಲ್ಲಾ ಸ್ವಲ್ಪ ಸ್ವಲ್ಪ ತರುವುದು ತೀರಾ ಸಾಮಾನ್ಯ ತಪ್ಪು. ಹೋಲ್‌ಸೇಲ್ ವ್ಯಾಪಾರಿಗೆ ನೀವು ಯಾವುದರಲ್ಲೂ ಗಿರಾಕಿ ಅನ್ನಿಸುವುದಿಲ್ಲ. ನಿಮಗೂ ಯಾವ ಮಾಲಿನ ಗುಣವೂ ಗೊತ್ತಾಗುವುದಿಲ್ಲ.

ಮೊದಲ ಐಟಂ ಒಡೆಯಬಾರದು, ಸೋರಬಾರದು, ಕೆಡಬಾರದು. ಸೈಜು ಕಡಿಮೆ ಇದ್ದಷ್ಟೂ ಒಳ್ಳೆಯದು. ಹಗುರ ಇದ್ದರೆ ಸಾಕು ಅಂದುಕೊಳ್ಳಬೇಡಿ, ಜಾಗವನ್ನೂ ನೋಡಿ. ನಮ್ಮ ದಾವಣಗೆರೆ ಮಂಡಕ್ಕಿಯನ್ನೇ ತೆಗೆದುಕೊಳ್ಳಿ. ತೂಕವೇ ಇಲ್ಲ. ಆದರೆ ಕೊರಿಯರ್‌ನವರು ಡಬ್ಬದ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. 30, 25, 20ರ ಡಬ್ಬ ಅಂದರೆ 15,000. ಭಾಗಿಸಿದರೆ 3 ಕೆಜಿ. ಒಳಗೆ ಅರ್ಧ ಕೆಜಿ ಮಂಡಕ್ಕಿ ಇದ್ದರೂ ಕಟ್ಟುವುದು 3 ಕೆಜಿ ಚಾರ್ಜು.

ಹತ್ತಿರದ ಮಾಲಿನ ಬಗ್ಗೆ ಒಂದು ಮಾತು. ಚಳ್ಳಕೆರೆಯ ಶೇಂಗಾ ಎಣ್ಣೆಗೆ ಹೆಸರಿದೆ, ಆದರೆ ಎಣ್ಣೆ ದಾರಿಯಲ್ಲಿ ಸೋರುತ್ತದೆ. ಆಹಾರ ಪದಾರ್ಥ ಆದ್ದರಿಂದ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಅಥವಾ ಪರವಾನಗಿಯೂ ಬೇಕು. ಮೊದಲ ಐಟಂ ಆಗಿ ಬೇಡ. ಚಳ್ಳಕೆರೆ ಕಡೆಯ ಕುರಿ ಉಣ್ಣೆ ಕಂಬಳಿ ಒಡೆಯುವುದಿಲ್ಲ, ಕೆಡುವುದಿಲ್ಲ, ಸೈಜಿನ ತಕರಾರಿಲ್ಲ. ತೂಕ ಮಾತ್ರ ಜಾಸ್ತಿ. ಮೊಳಕಾಲ್ಮೂರು ರೇಷ್ಮೆ ಸೀರೆಗೆ ಜಿಐ ಮಾನ್ಯತೆ, ಅಂದರೆ ಆ ಊರಿನದೇ ಮಾಲು ಎಂಬ ಭೌಗೋಳಿಕ ಗುರುತು ಇದೆ. ನೇಕಾರರಿಂದಲೇ ತರಬಹುದು, ಅಸಲಿ ರೇಷ್ಮೆ ಎಂದು ಹೇಳುವ ಸಿಲ್ಕ್ ಮಾರ್ಕ್ ಲೇಬಲ್ ಕೇಳಿ ತೆಗೆದುಕೊಳ್ಳಿ. ಆದರೆ ಒಂದೊಂದು ಸೀರೆಯಲ್ಲೂ ದೊಡ್ಡ ಮೊತ್ತ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಅದು ಎರಡನೇ ವರ್ಷದ ಮಾಲು.

ಮಕ್ಕಳ ಆಟಿಕೆ ತರುವವರಿಗೆ ಎಚ್ಚರಿಕೆ: 2021ರ ಜನವರಿ 1ರಿಂದ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಗುರುತಿಲ್ಲದ ಪ್ಲಾಸ್ಟಿಕ್ ಆಟಿಕೆ ಅಗ್ಗಕ್ಕೆ ಸಿಗುತ್ತದೆ, ಮುಟ್ಟಬೇಡಿ. ದೊಡ್ಡ ಬ್ರಾಂಡಿನ ‘ಫಸ್ಟ್ ಕಾಪಿ’ ವಾಚು, ಶೂ ಕೂಡ ಬೇಡ. ಬ್ರಾಂಡಿನವರು ದೂರು ಕೊಟ್ಟರೆ ಮಾಲೂ ಹೋಯಿತು, ಖಾತೆಯೂ ಹೋಯಿತು.

## ಹಂತ 3: ಮಾರುವ ಬೆಲೆಯಿಂದ ಹಿಂದಕ್ಕೆ ಲೆಕ್ಕ ಹಾಕಿ

ಇದೊಂದು ಹಂತ ಸರಿಯಾದರೆ ಉಳಿದವು ಸುಲಭ. ಹೊಸಬರು ‘180ಕ್ಕೆ ತಂದೆ, 300ಕ್ಕೆ ಮಾರಿದರೆ 120 ಲಾಭ’ ಅನ್ನುತ್ತಾರೆ. ಆ 120 ಎಲ್ಲಿ ಹೋಯಿತು ಅಂತ ಆಮೇಲೆ ಹುಡುಕುತ್ತಾರೆ.

ನಿಮ್ಮ ಐಟಂ ಅನ್ನು ಬೇರೆಯವರು ಎಷ್ಟಕ್ಕೆ ಮಾರುತ್ತಿದ್ದಾರೆ ಎಂದು ಮೊದಲು ನೋಡಿ. ಎಂಆರ್‌ಪಿ ಅಲ್ಲ, ಗಿರಾಕಿ ನಿಜವಾಗಿ ಕೊಡುವ ಬೆಲೆ. ಕಾಟನ್ ಕುರ್ತಿ 499ಕ್ಕೆ ಹೋಗುತ್ತಿದೆ ಅಂತ ಇಟ್ಟುಕೊಳ್ಳಿ. ಮುಂದಿನ ಅಂಕಿಗಳು ಮಾದರಿಗೆ ಮಾತ್ರ, ನಿಮ್ಮ ವೇದಿಕೆಯ ರೇಟ್ ಕಾರ್ಡ್ ತೆಗೆದು ನಿಮ್ಮವನ್ನೇ ತುಂಬಿ.

499ರಲ್ಲಿ ಶೇ. 5 ಜಿಎಸ್‌ಟಿ ಒಳಗೇ ಇದೆ, ಅಂದರೆ ಸುಮಾರು 24 ರೂಪಾಯಿ. ಉಳಿದದ್ದು 475. (2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿ ತನಕದ ಸಿದ್ಧ ಉಡುಪಿಗೆ ಶೇ. 5, ಅದಕ್ಕಿಂತ ಮೇಲೆ ಶೇ. 18.) ವೇದಿಕೆಯ ಕಮಿಷನ್, ಸಾಗಾಟ ಎಲ್ಲಾ ಸೇರಿ 110 ಕಳೆಯಿರಿ: 365. ಕವರು, ಟೇಪು, ಲೇಬಲ್ಲಿಗೆ 10: 355. ಜಾಹೀರಾತಿಗೆ 20: 335.

ಈಗ ರಿಟರ್ನ್. ಇದನ್ನು ಯಾರೂ ಬರೆಯುವುದಿಲ್ಲ. 100 ಪೀಸ್ ಕಳಿಸಿದರೆ 20 ವಾಪಸ್ ಬರುತ್ತವೆ, ಒಂದೊಂದಕ್ಕೆ 120 ರೂಪಾಯಿ ಕೈಬಿಡುತ್ತದೆ ಅಂದುಕೊಳ್ಳೋಣ. ಒಟ್ಟು 2,400. ಆ ಹೊರೆ ಗಿರಾಕಿ ಹತ್ತಿರವೇ ನಿಂತ 80 ಪೀಸಿನ ಮೇಲೆ ಬೀಳುತ್ತದೆ, ಪೀಸಿಗೆ 30. ಉಳಿದದ್ದು 305. ನಿಮ್ಮ ಲಾಭ 60 ತೆಗೆದರೆ 245. ಲಾರಿ ಬಾಡಿಗೆ, ಹಮಾಲಿ, ಒಂದೆರಡು ಡ್ಯಾಮೇಜು ಅಂತ ಪೀಸಿಗೆ 10 ತೆಗೆಯಿರಿ. ಕೊನೆಗೆ 235.

ಈ 235 ನಿಮ್ಮ ಗರಿಷ್ಠ ಕೊಳ್ಳುವ ಬೆಲೆ, ಜಿಎಸ್‌ಟಿ ಬಿಟ್ಟು. ನೋಂದಣಿ ಇಲ್ಲದವರಿಗೆ ಮೇಲಿನ 24 ರೂಪಾಯಿ ಕಟ್ಟುವುದಿರುವುದಿಲ್ಲ, ಹಾಗಾಗಿ ಅವರ ಮಿತಿ ಸುಮಾರು 259, ಆದರೆ ಜಿಎಸ್‌ಟಿ ಸೇರಿಸಿಯೇ ಅಷ್ಟರೊಳಗೆ ತರಬೇಕು. ಅಂಕಿಯನ್ನು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಡಿ. ವ್ಯಾಪಾರಿಗೆ ಮಾತ್ರ ಹೇಳಬೇಡಿ.

ಅಪಾಯದ ಗುರುತು: ಲೆಕ್ಕ ಹಾಕಿದಾಗ ಬರುವ ಬೆಲೆಗೆ ಮಾಲೇ ಸಿಗದಿದ್ದರೆ, ರಿಟರ್ನ್ ಕಡಿಮೆ ಬರೆದು ಲೆಕ್ಕ ಸರಿಮಾಡಬೇಡಿ. ಐಟಂ ಬದಲಿಸಿ.

## ಹಂತ 4: ವ್ಯಾಪಾರಿಯನ್ನು ಹುಡುಕಿ, ಜಾತಕ ನೋಡಿ

ಮೂರು ಸುತ್ತಿನಲ್ಲಿ ಹುಡುಕಿ, ಹತ್ತಿರದಿಂದ ದೂರಕ್ಕೆ.

ಮೊದಲ ಸುತ್ತು ಊರಿನದು. ಮಂಡಿಪೇಟೆ, ಚೌಕಿಪೇಟೆ ಕಡೆಯ ಸಗಟು ಅಂಗಡಿಗಳಲ್ಲಿ ಒಂದು ದಿನ ಓಡಾಡಿ. ರೇಟು ಬೆಂಗಳೂರಿಗಿಂತ ಸ್ವಲ್ಪ ಜಾಸ್ತಿ ಇರಬಹುದು. ಆದರೆ ಲಾರಿ ಬಾಡಿಗೆ ಇಲ್ಲ, ಡ್ಯಾಮೇಜ್ ಪೀಸು ಸಂಜೆಯೇ ಬದಲಾಯಿಸಬಹುದು, ಎರಡು ಸೆಟ್ ಕೇಳಿದರೂ ಕೊಡುತ್ತಾರೆ. ಮೊದಲ ತಿಂಗಳಿಗೆ ಇದೇ ಸರಿ ಎನ್ನುವುದು ನನ್ನ ಖಚಿತ ಮಾತು. ಪೀಸಿಗೆ 15 ರೂಪಾಯಿ ಜಾಸ್ತಿ ಕೊಟ್ಟರೂ ಒಂದು ಬಂಡಲ್ ಮಾಲು ಮಂಚದ ಕೆಳಗೆ ಸೇರುವುದು ತಪ್ಪುತ್ತದೆ.

ಎರಡನೇ ಸುತ್ತು ಬೆಂಗಳೂರಿನ ಚಿಕ್ಕಪೇಟೆ. ದಾವಣಗೆರೆಯಿಂದ ಸುಮಾರು 260 ಕಿಲೋಮೀಟರು. ರೈಲಿನಲ್ಲಿ ಹೋದರೆ ಯಶವಂತಪುರದಲ್ಲಿ ಇಳಿದು ಹಸಿರು ಮಾರ್ಗದ ಮೆಟ್ರೋ ಹಿಡಿಯಿರಿ, ನೇರ ಚಿಕ್ಕಪೇಟೆ ನಿಲ್ದಾಣ. ಭಾನುವಾರ ಹೋಗಬೇಡಿ. ಮೊದಲ ಭೇಟಿಯಲ್ಲಿ ಮಾಲು ಕೊಳ್ಳಬೇಡಿ, ವಿಸಿಟಿಂಗ್ ಕಾರ್ಡು ಮತ್ತು ಸ್ಯಾಂಪಲ್ಲು ಮಾತ್ರ. ಅಷ್ಟು ದೂರ ಬಂದಿದ್ದೀವಲ್ಲ ಅಂತ ಸುಮ್ನೆ ಚೀಲ ತುಂಬಿಕೊಂಡು ಬರುವವರೇ ಜಾಸ್ತಿ.

ಮೂರನೇ ಸುತ್ತು ಮಾಲು ತಯಾರಾಗುವ ಊರು: ಸಿಂಥೆಟಿಕ್ ಸೀರೆಗೆ ಸೂರತ್, ಟೀ ಶರ್ಟ್ ಥರದ ಹೆಣೆದ ಬಟ್ಟೆಗೆ ತಿರುಪ್ಪೂರು. ಫೋಟೋ ನೋಡಿ ದುಡ್ಡು ಹಾಕುವ ಕೆಲಸ ಜಾಸ್ತಿ ನಡೆಯುವುದೂ, ದುಡ್ಡು ಕಳೆದುಕೊಳ್ಳುವುದೂ ಇಲ್ಲೇ.

ಯಾವ ಸುತ್ತೇ ಆಗಲಿ, ವ್ಯಾಪಾರಿಯ ಜಿಎಸ್‌ಟಿ ನಂಬರ್ ಕೇಳಿ, ಓದಿ ನೋಡಿ. ಅದರಲ್ಲಿ 15 ಅಕ್ಷರ. ಮೊದಲ ಎರಡು ಅಂಕಿ ರಾಜ್ಯ: ಕರ್ನಾಟಕ 29, ಗುಜರಾತ್ 24, ತಮಿಳುನಾಡು 33, ದೆಹಲಿ 07. ನಂತರದ ಹತ್ತು ಅಕ್ಷರ ಅವರ ಪ್ಯಾನ್. ‘ನಾವು ಸೂರತ್ ಫ್ಯಾಕ್ಟರಿ’ ಎಂದವರ ನಂಬರ್ 07ರಿಂದ ಶುರುವಾದರೆ ಯಾಕೆ ಅಂತ ಕೇಳಿ.

ಆಮೇಲೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಆ ನಂಬರ್ ಹಾಕಿ ಹುಡುಕಿ. ಲಾಗಿನ್ ಬೇಡ, ದುಡ್ಡೂ ಇಲ್ಲ. ನಾಲ್ಕು ವಿಷಯ ನೋಡಿ. ನೋಂದಣಿ ಚಾಲ್ತಿಯಲ್ಲಿದೆಯಾ, ರದ್ದಾಗಿದೆಯಾ? ಯಾವ ವರ್ಷ ನೋಂದಣಿ ಆಗಿದೆ? ‘ಇಪ್ಪತ್ತು ವರ್ಷದ ಅಂಗಡಿ’ ಅಂದವರ ನೋಂದಣಿ ಹೋದ ತಿಂಗಳದ್ದಾದರೆ ಅನುಮಾನ ಪಡಿ. ಅಂಗಡಿ ಹೆಸರು ನಿಮಗೆ ಹೇಳಿದ್ದೇನಾ? ಜಿಎಸ್‌ಟಿ ರಿಟರ್ನ್ (ಸರ್ಕಾರಕ್ಕೆ ಕೊಡುವ ತೆರಿಗೆ ವಿವರ) ಪ್ರತಿ ಸಲ ಸಲ್ಲಿಸಿದ್ದಾರಾ? ಕೊನೆಯದು ನಿಮ್ಮ ಜೇಬಿಗೆ ಸಂಬಂಧಿಸಿದ್ದು. ಅವರು ನಿಮ್ಮ ಬಿಲ್ ಅನ್ನು ತಮ್ಮ ರಿಟರ್ನ್‌ನಲ್ಲಿ ತೋರಿಸದಿದ್ದರೆ ನೀವು ಕಟ್ಟಿದ ತೆರಿಗೆ ನಿಮಗೆ ವಾಪಸ್ ಸಿಗುವುದಿಲ್ಲ. ಕಾಂಪೊಸಿಷನ್ (ಸಣ್ಣ ವ್ಯಾಪಾರಿಗಳ ಸರಳ ತೆರಿಗೆ ಯೋಜನೆ) ಎಂದು ತೋರಿಸಿದರೆ ಅವರು ಬಿಲ್ಲಿನಲ್ಲಿ ಜಿಎಸ್‌ಟಿ ಹಾಕುವಂತೆಯೇ ಇಲ್ಲ. ಹಾಕಿದ್ದರೆ ತಪ್ಪು.

ಈ ಲಕ್ಷಣ ಕಂಡರೆ ಅಲ್ಲಿಗೇ ಬಿಡಿ:

- ಮಾರುಕಟ್ಟೆ ರೇಟಿನ ಅರ್ಧಕ್ಕೆ ‘ಇವತ್ತು ಒಂದೇ ದಿನ’ ಎಂಬ ಆಫರು.
- ಅಂಗಡಿ ಹೆಸರು ಒಂದು, ಯುಪಿಐನಲ್ಲಿ ಬರುವ ಹೆಸರು ಯಾರದ್ದೋ ಬೇರೆ.
- ವಿಡಿಯೋ ಕಾಲ್ ಮಾಡಿ ಮಾಲು ತೋರಿಸಿ ಅಂದರೆ ನೆಟ್‌ವರ್ಕ್ ಇಲ್ಲ, ಓನರ್ ಇಲ್ಲ.
- ದುಡ್ಡು ಹಾಕಿದ ಮೇಲೆ ‘ಟ್ರಾನ್ಸ್‌ಪೋರ್ಟ್ ಇನ್ಶೂರೆನ್ಸ್’, ‘ಗೇಟ್ ಪಾಸ್’ ಅಂತ ಮತ್ತೆ ಕೇಳುವುದು.

ಕೊನೆಯದು ಆಗಿಬಿಟ್ಟಿದ್ದರೆ ಇನ್ನೊಂದು ರೂಪಾಯಿ ಹಾಕಬೇಡಿ. ಸೈಬರ್ ಸಹಾಯವಾಣಿ 1930ಕ್ಕೆ ತಕ್ಷಣ ಕರೆ ಮಾಡಿ. ತಡವಾದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ದಾಟುತ್ತಾ ಹೋಗುತ್ತದೆ.

## ಹಂತ 5: ಫೋನಿನಲ್ಲಿ ಕೇಳಬೇಕಾದ್ದು

‘ರೇಟೆಷ್ಟು?’ ಅಂತ ಶುರು ಮಾಡಿದವರನ್ನು ಸುಮ್ನೆ ವಿಚಾರಿಸುವವರು ಅಂದುಕೊಂಡು ಬೇಗ ಸಾಗಹಾಕುತ್ತಾರೆ. ಮಾತು ಹೀಗಿರಲಿ:

‘ಅಣ್ಣಾ, ದಾವಣಗೆರೆಯಿಂದ. ಕಾಟನ್ ಕುರ್ತಿ ಸೆಟ್ ಎಷ್ಟು ಪೀಸಿಂದು?’

‘ಎಂ ಇಂದ ಡಬಲ್ ಎಕ್ಸೆಲ್ ಮೇಡಂ, ನಾಲ್ಕು ಪೀಸು. ಎಷ್ಟು ಸೆಟ್ ಬೇಕು?’

‘ಮೊದಲು ಸ್ಯಾಂಪಲ್ಲಿಗೆ ಒಂದು ಪೀಸು, ದುಡ್ಡು ಕೊಟ್ಟೇ ತಗೋತೀನಿ. ಅದೇ ಡಿಸೈನು ಮುಂದಿನ ತಿಂಗಳೂ ಸಿಗುತ್ತಾ?’

‘ಕಲರ್ ಗ್ಯಾರಂಟಿ ಇಲ್ಲ. ಪ್ಯಾಟರ್ನ್ ಸಿಗುತ್ತೆ.’

ಹೀಗೆ ನೇರ ಉತ್ತರ ಕೊಟ್ಟವರನ್ನು ಹಿಡಿದಿಟ್ಟುಕೊಳ್ಳಿ. ಎಲ್ಲದಕ್ಕೂ ‘ಸಿಗುತ್ತೆ, ಸಿಗುತ್ತೆ’ ಎನ್ನುವವರಿಗಿಂತ ಇವರೇ ವಾಸಿ. ಮತ್ತೆ ಸಿಗುತ್ತಾ ಎಂಬ ಪ್ರಶ್ನೆ ಬಹಳ ಮುಖ್ಯ. ಅಂಗಡಿಯಲ್ಲಾದರೆ ಡಿಸೈನ್ ಮುಗಿದರೆ ಬೇರೆ ತೂಗುಹಾಕಬಹುದು. ಆನ್‌ಲೈನ್‌ನಲ್ಲಿ ಫೋಟೋ, ಲಿಸ್ಟಿಂಗ್, ಗಿರಾಕಿ ಕೊಟ್ಟ ರೇಟಿಂಗ್ ಎಲ್ಲಾ ಒಂದೇ ಡಿಸೈನಿಗೆ ಅಂಟಿಕೊಂಡಿರುತ್ತದೆ.

ಇನ್ನುಳಿದ ಪ್ರಶ್ನೆಗಳು: ಡ್ಯಾಮೇಜ್ ಬಂದರೆ ಬದಲಿಸುತ್ತೀರಾ, ಎಷ್ಟು ದಿನದೊಳಗೆ ಹೇಳಬೇಕು? ಬರೀ ದೊಡ್ಡ ಸೈಜ್ ಬಿಡಿಯಾಗಿ ಸಿಗುತ್ತಾ? ಲಾರಿ ಬಾಡಿಗೆ ಯಾರದ್ದು? ರೇಟಿನಲ್ಲಿ ಜಿಎಸ್‌ಟಿ ಸೇರಿದೆಯಾ? ಉತ್ತರ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಚೌಕಾಸಿ ಇಲ್ಲಿ ಬೇಡ, ಸ್ಯಾಂಪಲ್ ಪಾಸಾದ ಮೇಲೆ.

## ಹಂತ 6: ಸ್ಯಾಂಪಲ್ಲನ್ನು ಕಾಡಿಸಿ ನೋಡಿ

ಮೂವರು ವ್ಯಾಪಾರಿಗಳಿಂದ ಒಂದೊಂದು ಪೀಸು ತರಿಸಿ. ಬಂದ ತಕ್ಷಣ ಬಿಸಿಲಿಗೆ ಹಿಡಿಯಿರಿ. ಬಟ್ಟೆ ತೆಳು ಇದ್ದರೆ ಕೈಬೆರಳು ಕಾಣುತ್ತದೆ. ಒಳಗು ಹೊರಗು ಮಾಡಿ ಹೊಲಿಗೆ ನೋಡಿ: ಕಂಕುಳ ಹತ್ತಿರ ಎರಡೂ ಕೈಯಿಂದ ಮೆಲ್ಲಗೆ ಎಳೆದರೆ ಹೊಲಿಗೆ ಬಾಯಿ ಬಿಡಬಾರದು. ಎದೆ, ಉದ್ದ, ತೋಳನ್ನು ಟೇಪಿನಲ್ಲಿ ಅಳೆದು ಬರೆದುಕೊಳ್ಳಿ.

ಆಮೇಲೆ ಬಿಳಿ ಕರ್ಚೀಫನ್ನು ಒದ್ದೆ ಮಾಡಿ ಪ್ರಿಂಟಿನ ಮೇಲೆ ಹತ್ತು ಸಲ ಉಜ್ಜಿ. ಕರ್ಚೀಫಿಗೆ ಬಣ್ಣ ಹತ್ತಿದರೆ ಆ ಮಾಲಿನ ಕಥೆ ಮುಗಿಯಿತು. ಹತ್ತದಿದ್ದರೆ ಮಾಮೂಲಿ ಸೋಪಿನ ಪುಡಿಯಲ್ಲಿ ಎರಡು ಸಲ ಒಗೆದು, ಒಣಗಿಸಿ, ಮತ್ತೆ ಅಳೆಯಿರಿ. 44 ಇಂಚಿನ ಉದ್ದ 42 ಆಗಿದ್ದರೆ ಗಿರಾಕಿ ಮನೆಯಲ್ಲೂ ಹಾಗೇ ಆಗುತ್ತದೆ.

ಟೀ ಶರ್ಟ್ ಆದರೆ ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ಅಂತ ಕೇಳಿ. 180 ಜಿಎಸ್‌ಎಂ ಅಂತ ಹೇಳಿ 150ರದ್ದು ಕಳಿಸುವುದುಂಟು, ಕೈಗೆ ಅಷ್ಟು ಬೇಗ ತಿಳಿಯುವುದಿಲ್ಲ. ಒಂದೇ ಸೈಜಿನ ಸ್ಯಾಂಪಲ್ಲು ಮತ್ತು ನಂತರದ ಮಾಲು ಎರಡನ್ನೂ ತಕ್ಕಡಿಗೆ ಹಾಕಿದರೆ ಗುಟ್ಟು ಹೊರಬರುತ್ತದೆ. ಪಾಸಾದ ಮಾದರಿಯ ಇನ್ನೊಂದು ಪೀಸನ್ನು ಒಗೆಯದೆ, ತೂಕದ ಚೀಟಿ ಅಂಟಿಸಿ ಎತ್ತಿಡಿ. ಅದನ್ನು ಮಾರಬೇಡಿ.

## ಹಂತ 7: ಮೊದಲ ಆರ್ಡರು ಮತ್ತು ಸಾಗಾಟ

ಎರಡು ಡಿಸೈನ್, ತಲಾ ಎರಡು ಮೂರು ಸೆಟ್. ಅಷ್ಟೇ. ‘ಐವತ್ತು ಪೀಸಿಗೆ ಇನ್ನೂ 20 ರೂಪಾಯಿ ಕಡಿಮೆ’ ಎಂದರೆ, ನಿಮ್ಮ 235ರೊಳಗೆ ಈಗಾಗಲೇ ಬಂದಿದ್ದೀರಾ ನೋಡಿ. ಬಂದಿದ್ದರೆ ಆ ಆಸೆ ಬಿಡಿ.

ದುಡ್ಡನ್ನು ಅಂಗಡಿ ಹೆಸರಿನ ಖಾತೆಗೇ ಹಾಕಿ. ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಸರಿ ಇದೆಯಾ ಅಂತ ಪಾರ್ಸಲ್ ಹೊರಡುವ ಮೊದಲೇ ಫೋಟೋ ತರಿಸಿ ನೋಡಿ. ಒಂದು ಅಕ್ಷರ ತಪ್ಪಿದರೂ ಆ ತೆರಿಗೆ ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ. ಮುಂದಿನ ತಿಂಗಳ 14ರ ಹೊತ್ತಿಗೆ ಜಿಎಸ್‌ಟಿಆರ್-2ಬಿಯಲ್ಲಿ (ನಿಮಗೆ ವಾಪಸ್ ಸಿಗುವ ತೆರಿಗೆಯನ್ನು ಪೋರ್ಟಲ್ ತೋರಿಸುವ ಪಟ್ಟಿ) ಆ ಬಿಲ್ ಕಾಣಬೇಕು. ವ್ಯಾಪಾರಿ ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವವರಾದರೆ ತಡವಾಗಬಹುದು.

ಬಿಲ್ಲಿನ ಮೊತ್ತ ತೆರಿಗೆ ಸೇರಿ 50 ಸಾವಿರ ದಾಟಿದರೆ ಇ-ವೇ ಬಿಲ್, ಅಂದರೆ ಮಾಲು ಸಾಗಿಸಲು ಆನ್‌ಲೈನ್‌ನಲ್ಲಿ ಮಾಡುವ ಚೀಟಿ ಬೇಕು. ಅದರ ಅವಧಿ ಒಂದು ದಿನಕ್ಕೆ 200 ಕಿಲೋಮೀಟರ್ ಲೆಕ್ಕ, ಹಾಗಾಗಿ ಬೆಂಗಳೂರಿನಿಂದ ದಾವಣಗೆರೆಗೆ ಎರಡು ದಿನದ ಅವಧಿ ಸಿಗುತ್ತದೆ. ಒಂದೇ ಮಾಲನ್ನು ಎರಡು ಬಿಲ್ ಮಾಡಿಸಿ ತಪ್ಪಿಸಿಕೊಳ್ಳುವ ಐಡಿಯಾ ಯಾರಾದರೂ ಕೊಡುತ್ತಾರೆ. ಬೇಡ.

ಸಾಗಾಟಕ್ಕೆ ಲಾರಿ ಟ್ರಾನ್ಸ್‌ಪೋರ್ಟ್ ಇದೆ, ಕೆಎಸ್‌ಆರ್‌ಟಿಸಿಯ ನಮ್ಮ ಕಾರ್ಗೋ ಇದೆ. ‘ಟು ಪೇ’ ಅಂದರೆ ಬಾಡಿಗೆ ನೀವು ಇಲ್ಲಿ ಕಟ್ಟಬೇಕು. ಬಾಡಿಗೆಯ ಮೇಲೆ ಹಮಾಲಿ, ಮನೆಗೆ ತಲುಪಿಸುವ ಚಾರ್ಜು ಬೇರೆ. ಎಲ್ಲಾ ಕೂಡಿಸಿ ಪೀಸಿಗೆ ಭಾಗಿಸಿ ನೋಟ್‌ಬುಕ್ಕಿನಲ್ಲಿ ಬರೆಯಿರಿ.

## ಹಂತ 8: ಬಂಡಲ್ ಬಿಚ್ಚುವಾಗ

ಟ್ರಾನ್ಸ್‌ಪೋರ್ಟ್ ಗೋಡೌನ್‌ನಲ್ಲೇ ಚೀಲ ನೋಡಿ. ಹರಿದಿದ್ದರೆ, ನೆಂದಿದ್ದರೆ ಅದನ್ನು ಎಲ್‌ಆರ್ (ಲಾರಿಯವರ ಸಾಗಾಟ ರಸೀದಿ) ಮೇಲೆ ಬರೆಸಿದ ಮೇಲೆಯೇ ಸಹಿ ಹಾಕಿ. ಸಹಿ ಆದಮೇಲೆ ಜಗಳ ಮಾಡಿ ಪ್ರಯೋಜನವಿಲ್ಲ.

ಮನೆಯಲ್ಲಿ ಬಿಚ್ಚುವಾಗ ಇನ್ನೊಬ್ಬರಿಗೆ ವಿಡಿಯೋ ಮಾಡಲು ಹೇಳಿ. ಕಟ್ಟಿದ ಚೀಲದಿಂದ ಕೊನೆಯ ಪೀಸಿನ ತನಕ, ನಡುವೆ ನಿಲ್ಲಿಸಬಾರದು. ಬಿಲ್ಲಿನ ಜೊತೆ ಎಣಿಸಿ, ಸೈಜ್ ಬೇರೆ ಬೇರೆ ಮಾಡಿ, ಎತ್ತಿಟ್ಟ ಪೀಸಿನ ಪಕ್ಕ ಇಟ್ಟು ಬಣ್ಣ ಹೋಲಿಸಿ. ಕಮ್ಮಿ, ಡ್ಯಾಮೇಜ್ ಏನಿದ್ದರೂ ಅವತ್ತೇ ವಾಟ್ಸಾಪ್ ಮಾಡಿ. ವಾರ ಬಿಟ್ಟು ಹೇಳಿದರೆ ‘ನೀವೇ ಮಾರಿ ವಾಪಸ್ ಬಂದದ್ದು’ ಅನ್ನುತ್ತಾರೆ. ಅವರನ್ನು ತಪ್ಪು ಅನ್ನುವಂತೆಯೂ ಇಲ್ಲ.

ಪ್ಯಾಕ್ ಮಾಡಿದ ಸರಕಾದರೆ ತಯಾರಕರ ಹೆಸರು ವಿಳಾಸ, ಎಂಆರ್‌ಪಿ, ಪ್ರಮಾಣ, ತಯಾರಾದ ದೇಶ ಲೇಬಲ್ ಮೇಲೆ ಇದೆಯಾ ನೋಡಿ. ಇವೇ ವಿವರ ಲಿಸ್ಟಿಂಗ್‌ನಲ್ಲೂ ಹಾಕಬೇಕಾಗುತ್ತದೆ.

## ಹಂತ 9: ಎರಡನೇ ಆರ್ಡರ್ ಯಾವಾಗ?

ಮಾಲು ಅರ್ಧ ಖಾಲಿಯಾದಾಗ ಅಲ್ಲ, ರಿಟರ್ನ್ ಅವಧಿ ಕಳೆದು ದುಡ್ಡು ಖಾತೆಗೆ ಬಿದ್ದಾಗ. ಅಲ್ಲಿಯ ತನಕ ‘ಹೋಯಿತು’ ಎಂಬುದು ಲೆಕ್ಕಕ್ಕಿಲ್ಲ. ಡಿಸೈನ್‌ವಾರು, ಸೈಜ್‌ವಾರು ಎಷ್ಟು ನಿಂತಿತು, ಎಷ್ಟು ವಾಪಸ್ ಬಂತು ಅಂತ ಬರೆಯಿರಿ. ಹಂತ 3ರ ಚೀಟಿಯನ್ನು ಈಗ ನಿಜವಾದ ಅಂಕಿ ಹಾಕಿ ಮತ್ತೆ ಮಾಡಿ. ರಿಟರ್ನ್ 20ರ ಬದಲು 30 ಆಗಿದ್ದರೆ ಪೀಸಿನ ಮೇಲಿನ ಹೊರೆ 30 ರೂಪಾಯಿಯಿಂದ 51ಕ್ಕೆ ಹೋಗುತ್ತದೆ, 235 ಅಂತ ಬರೆದದ್ದು 214ಕ್ಕೆ ಇಳಿಯುತ್ತದೆ.

ವ್ಯಾಪಾರಿ ಜೊತೆ ಚೌಕಾಸಿಗೆ ಇದೇ ಸಮಯ. ನೀವೀಗ ಹಳೇ ಗಿರಾಕಿ. ಬರೀ ರೇಟು ಇಳಿಸಿ ಅನ್ನುವುದಕ್ಕಿಂತ, ಹೋಗದ ಸೈಜ್ ಬಿಟ್ಟು ಸೆಟ್ ಮಾಡಿಕೊಡಿ ಎಂದು ಕೇಳಿ. ಬಹಳ ಸಲ ಅದರಲ್ಲೇ ಜಾಸ್ತಿ ಉಳಿಯುತ್ತದೆ. ಉದ್ರಿ ಕೊಡುತ್ತೇವೆ ಅಂದರೆ ಸದ್ಯಕ್ಕೆ ಬೇಡ ಅನ್ನಿ. ಉದ್ರಿ ತಗೊಂಡವರಿಗೆ ಅವರ ಅಂಗಡಿಯ ಹೋಗದ ಮಾಲೂ ಜೊತೆಗೆ ಬರುತ್ತದೆ.

60 ದಿನ ದಾಟಿಯೂ ಮಾರಾಟವಾಗದೆ ಉಳಿದ ಪೀಸುಗಳಿದ್ದರೆ ಅಸಲಿಗೋ, ಅಸಲಿಗಿಂತ ಕಡಿಮೆಗೋ ಬಿಟ್ಟುಬಿಡಿ. ಆ ದುಡ್ಡು ಓಡುವ ಮಾಲಿಗೆ ಬೇಕು. ಎರಡನೇ ಬಂಡಲ್ ಬಂದಾಗಲೂ ಎತ್ತಿಟ್ಟ ಪೀಸನ್ನು ತೆಗೆದು ತಕ್ಕಡಿಗೆ ಹಾಕಿ, ಕರ್ಚೀಫ್ ಪರೀಕ್ಷೆಯನ್ನೂ ಮತ್ತೆ ಮಾಡಿ. ಮೊದಲ ಸಲ ಒಳ್ಳೇ ಮಾಲು ಕೊಟ್ಟು ಎರಡನೇ ಸಲ ತೆಳು ಬಟ್ಟೆ ಸೇರಿಸುವುದು ಮಾರುಕಟ್ಟೆಯಲ್ಲಿ ಹೊಸದೇನಲ್ಲ.